ಹೆಡ್ ಮಾಸ್ತರ್ ರಜೆಯಲ್ಲಿದ್ದಾರೆ

ನಾರ್ವೆಗೆ ಹೋಗಿ ಬಂದವರು ಹಿಮದ ಬೆಟ್ಟಗಳ ಬಗ್ಗೆ ಹೇಳಬೇಕು, ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಹೇಳಬೇಕು. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಅದನ್ನೇ ಕೇಳಿದರು. ನಾನು ಹೋದದ್ದು ಮೇ ತಿಂಗಳಲ್ಲಿ. ಊರೊಳಗಿನ ಹಿಮ ಕರಗಿ ಹೋಗಿತ್ತು. ಸರಿಯಾಗಿ ಕತ್ತಲೇ ಆಗದ ಆಕಾಶದಲ್ಲಿ ಹಸಿರು ಬೆಳಕು ಕಾಣುವ ಮಾತೂ ಇರಲಿಲ್ಲ. ನಾನು ಕಂಡದ್ದು ಮಳೆ, ಮತ್ತು ಎದೆಗೆ ಕೂಸು ಕಟ್ಟಿಕೊಂಡು ತಿರುಗುವ ಗಂಡಸರು. ಮಳೆ ನಮಗೆ ಹೊಸದಲ್ಲ. ಹಾಗಾಗಿ ಗಂಡಸರ ಬಗ್ಗೆ ಬರೆಯುತ್ತೇನೆ.

ಬರ್ಗನ್

ಮೂವರು ಹೋಗಿದ್ದೆವು, ತಾಲ್ಲೂಕಿಗೊಬ್ಬರಂತೆ. ಯಲ್ಲಾಪುರ ತಾಲ್ಲೂಕಿನಿಂದ ನಾನು, ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ, ನಿವೃತ್ತಿಗೆ ಎರಡು ವರ್ಷ ಬಾಕಿ. ಸಿದ್ದಾಪುರದಿಂದ ಸಾವಿತ್ರಿ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರು ವಿಜ್ಞಾನ ಕಲಿಸುತ್ತಾರೆ, ಮಾತು ಕಮ್ಮಿ, ಕನ್ನಡಕದ ಮೇಲಿನಿಂದ ನೋಡುವುದು ಜಾಸ್ತಿ. ಶಿರಸಿ ತಾಲ್ಲೂಕಿನ ಪೂರ್ವದ ಅಂಚಿನಿಂದ, ಬನವಾಸಿ ಹತ್ತಿರದ ಒಂದು ಹಳ್ಳಿಯಿಂದ ಬಸವರಾಜ, ದೈಹಿಕ ಶಿಕ್ಷಕ. ಮೂವತ್ನಾಲ್ಕು ವರ್ಷ. ಕಬಡ್ಡಿಯಲ್ಲಿ ಜಿಲ್ಲೆಯಲ್ಲೇ ಹೆಸರು ಮಾಡಿದವನು. ಅವನ ಮೀಸೆಯಂಥದ್ದೇ ಮೀಸೆ ಬಿಟ್ಟವರು ಅವನ ಹಳ್ಳಿಯಲ್ಲಿ ಹತ್ತು ಜನರಾದರೂ ಇದ್ದಾರೆ. ಅವನ ಹೆಂಡತಿ ರೇಣುಕಾ ಎರಡನೆಯ ಸಲ ಬಸುರಿ. ಜುಲೈಗೆ ದಿನ ಕೊಟ್ಟಿದ್ದರು.

ನಮ್ಮ ಮೂರು ಶಾಲೆಗಳ ಮಕ್ಕಳೂ ಅಲ್ಲಿಯ ಒಂದು ಶಾಲೆಯ ಮಕ್ಕಳೂ ತಮ್ಮ ತಮ್ಮ ಊರಿನ ಹೊಳೆಯ ನೀರು ಪರೀಕ್ಷೆ ಮಾಡಿ ಒಬ್ಬರಿಗೊಬ್ಬರು ಪತ್ರ ಬರೆಯುತ್ತಿದ್ದರು. ಆ ನೆಪದಲ್ಲಿ ನಮ್ಮನ್ನು ಹತ್ತು ದಿನಕ್ಕೆ ಕರೆಸಿದ್ದರು. ಆಹ್ವಾನ ಪತ್ರಕ್ಕೆ ಸಹಿ ಹಾಕಿದ್ದವನು ಆ ಶಾಲೆಯ ಹೆಡ್ ಮಾಸ್ತರ್, ಎರಿಕ್. ಅವನಿಗೆ ಹೊದಿಸಲು ನನ್ನ ಕೈಚೀಲದಲ್ಲಿ ಒಂದು ಶಾಲು, ಬಸವರಾಜನ ಚೀಲದಲ್ಲಿ ಹಾವೇರಿಯ ಏಲಕ್ಕಿ ಹಾರ. ನಾಲ್ಕು ಜನ ಸೇರಿದ ಕಡೆ ಯಾರಿಗಾದರೂ ಶಾಲು ಹೊದಿಸದಿದ್ದರೆ ನಮಗೆ ಊಟ ಸೇರುವುದಿಲ್ಲವಷ್ಟೇ.

ಬರ್ಗನ್ ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮ ಹೆಸರಿನ ಕಾಗದ ಹಿಡಿದು ನಿಂತಿದ್ದವಳು ಒಬ್ಬ ಹೆಂಗಸು. ಇಂಗ್ರಿಡ್, ಉಪಮುಖ್ಯಾಧ್ಯಾಪಕಿ.

"ಎರಿಕ್ ಬಂದಿಲ್ಲವೇ?" ಎಂದೆ.

"ಎರಿಕ್ ರಜೆಯಲ್ಲಿದ್ದಾನೆ. ಮಗಳನ್ನು ನೋಡಿಕೊಳ್ಳುತ್ತಿದ್ದಾನೆ. ಆಗಸ್ಟ್‌ಗೆ ಶಾಲೆಗೆ ಬರುತ್ತಾನೆ."

ನಾನು ದನಿ ತಗ್ಗಿಸಿ, ಮಗುವಿನ ತಾಯಿ ತೀರಿಕೊಂಡರೇ ಎಂದು ಕೇಳಿದೆ.

ಇಂಗ್ರಿಡ್ ಒಂದು ಕ್ಷಣ ನನ್ನನ್ನೇ ನೋಡಿದಳು. "ಇಲ್ಲ. ಅವಳು ಕೆಲಸಕ್ಕೆ ಹೋಗಿದ್ದಾಳೆ."

ಬಸವರಾಜನಿಗೆ ಅವಳ ಇಂಗ್ಲಿಷ್ ಅರ್ಥವಾಗಿರಲಿಲ್ಲ. "ಏನಂತ್ರಿ ಸರ?" ಎಂದ.

"ಹೆಡ್ ಮಾಸ್ತರು ಬಾಣಂತನದಲ್ಲಿ ಇದ್ದಾರಂತೆ."

ಅವನು ನಕ್ಕ ನಗೆಗೆ ಸಾಮಾನಿನ ಬೆಲ್ಟಿನ ಹತ್ತಿರ ನಿಂತವರೂ ತಿರುಗಿ ನೋಡಿದರು. ಸಾವಿತ್ರಿ ನಗಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆ.

ಆ ಊರು ಬರ್ಗನ್‌ನಿಂದ ಎರಡು ತಾಸಿನ ಬಸ್ಸಿನ ದಾರಿ, ಸಮುದ್ರ ಬೆಟ್ಟಗಳ ನಡುವೆ ಒಳನುಗ್ಗಿದ ಒಂದು ಕಡೆ. ಬಸ್ಸಿನಲ್ಲಿ ಸೀಟಿಗೆ ಒಬ್ಬೊಬ್ಬರೇ ಕೂತಿದ್ದರು. ಯಲ್ಲಾಪುರ–ಶಿರಸಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂವರು ಕೂತು, ನಾಲ್ಕನೆಯವರ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು ಬರುವ ಅಭ್ಯಾಸದವನು ನಾನು. ಒಬ್ಬನ ಪಕ್ಕ ಹೋಗಿ ಕೂತು, ಯಾವ ಊರು ಎಂದು ಕೇಳಿದೆ. ನಾನು ಅವನ ಕಿಸೆಗೆ ಕೈ ಹಾಕಿದೆನೇನೋ ಎಂಬಂತೆ ಕಿಟಕಿಗೆ ಒತ್ತಿಕೊಂಡ. ಅವನ ಎದೆಯ ಮೇಲೂ ಒಂದು ಕೂಸು ಮಲಗಿತ್ತು. ಈ ದೇಶದಲ್ಲಿ ಮನುಷ್ಯರು ಮನುಷ್ಯರ ಪಕ್ಕ ಕೂರುವುದಿಲ್ಲ, ಗಂಡಸರು ಮಾತ್ರ ಕೂಸುಗಳನ್ನು ಬಿಟ್ಟಿರುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಎರಡು ತಾಸು ದೇಶ ನೋಡಿ ತೀರ್ಮಾನ ಕೊಡುವುದರಲ್ಲಿ ಮಾಸ್ತರ ಜನ ಯಾವತ್ತೂ ಮುಂದೆ.

ಶಾಲೆ

ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮನೆಯಿಂದ ತಂದ ಬ್ರೆಡ್ಡಿನ ಹೋಳು ಬಿಚ್ಚಿದರು. ಅದರ ಮೇಲೆ ಕಂದು ಬಣ್ಣದ ಚೀಸು. ತಿಂದರೆ ಹಳೆಯ ಪೇಡೆಗೆ ಉಪ್ಪು ಬೆರೆಸಿದ ರುಚಿ. ಬಸವರಾಜ ಒಂದು ತುಂಡು ಬಾಯಿಗಿಟ್ಟು, ನುಂಗಲಾರದೆ ಉಗುಳಲಾರದೆ, ಕಣ್ಣಲ್ಲೇ ನನ್ನ ಸಹಾಯ ಕೇಳಿದ. ನಾನು ಬೇರೆ ಕಡೆ ನೋಡಿದೆ. ನನ್ನ ಬಾಯಲ್ಲೂ ಒಂದು ತುಂಡಿತ್ತು.

ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ನಮ್ಮಲ್ಲಿ ಪರೀಕ್ಷಾ ಡ್ಯೂಟಿಯ ಪಟ್ಟಿ ಇರುತ್ತದಲ್ಲ, ಹಾಗೆ. ಆ ವರ್ಷ ಯಾವ ಶಿಕ್ಷಕ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಮಗು ನೋಡಿಕೊಳ್ಳಲು ಮನೆಯಲ್ಲಿರುತ್ತಾನೆ, ಅವನ ಪಾಠ ಯಾರು ತೆಗೆದುಕೊಳ್ಳುತ್ತಾರೆ ಎಂದು ಬರೆದಿತ್ತು. ಮೂರು ಗಂಡಸರ ಹೆಸರು, ಮೊದಲನೆಯದೇ ಎರಿಕ್. ಇದನ್ನೆಲ್ಲ ಗೋಡೆಗೆ ಅಂಟಿಸುತ್ತಾರೆಯೇ ಎಂದು ನನಗೆ ನಾಚಿಕೆಯಾಯಿತು. ಅವರಿಗೆ ಆಗಿರಲಿಲ್ಲ.

"ನಿಮ್ಮಲ್ಲಿ ಹೇಗೆ?" ಎಂದು ಇಂಗ್ರಿಡ್ ಕೇಳಿದಳು.

"ನಮ್ಮಲ್ಲೂ ಇದೆ," ಎಂದೆ ಎದೆಯುಬ್ಬಿಸಿ. "ಸರ್ಕಾರಿ ನೌಕರನಾದರೆ ಹೆಂಡತಿಯ ಹೆರಿಗೆಗೆ ಹದಿನೈದು ದಿನ. ಸಂಬಳ ಸಹಿತ."

"ಎಲ್ಲರೂ ತೆಗೆದುಕೊಳ್ಳುತ್ತಾರೆಯೇ?"

"ಬೇಕಾದವರು ತೆಗೆದುಕೊಳ್ಳುತ್ತಾರೆ."

"ನಿಮ್ಮ ಶಾಲೆಯಲ್ಲಿ?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನನಗೆ ಒಂದು ಒಳ್ಳೆಯ ಹಾಸ್ಯ ಪ್ರಸಂಗ ನೆನಪಾಯಿತು. ಊರಲ್ಲಿ ಮದುವೆ ಮನೆಗಳಲ್ಲಿ ನಾನು ಅದನ್ನು ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೆ. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಗಣಿತದ ಮಾಸ್ತರ, ನಾಗೇಂದ್ರ ಎಂಬ ಯುವಕ, ಈ ಹದಿನೈದು ದಿನದ ರಜೆಗೆ ಅರ್ಜಿ ಬರೆದುಕೊಂಡು ಬಂದ. ನಾನು ಅದನ್ನು ಸ್ಟಾಫ್ ರೂಮಿಗೆ ಒಯ್ದು ಎಲ್ಲರೆದುರು ಗಟ್ಟಿಯಾಗಿ ಓದಿದೆ. ಓದಿ, "ನಾಗೇಂದ್ರ ಮಾಸ್ತರಿಗೆ ಬಾಣಂತಿ ಲೇಹ ಯಾರ ಮನೆಯಿಂದ ತರಿಸೋಣ?" ಎಂದೆ. ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರಾಯಿಂಗ್ ಮಾಸ್ತರ, "ಎಣ್ಣೆ ನೀರು ಹಾಕುವವರೂ ಬೇಕಲ್ಲ," ಎಂದು ಸೇರಿಸಿದ. ನಾಗೇಂದ್ರನೂ ನಕ್ಕ. ನನ್ನ ಕೈಯಿಂದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡ. ಎರಡು ದಿನ ಸಾಂದರ್ಭಿಕ ರಜೆ ಹಾಕಿ, ಮೂರನೆಯ ದಿನ ಪಾಠಕ್ಕೆ ಬಂದ.

ಇದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಲೇಹಕ್ಕೆ ಇಂಗ್ಲಿಷ್ ಪದ ಹುಡುಕಲು ಸ್ವಲ್ಪ ಕಷ್ಟಪಟ್ಟೆ. ಹೇಳಿ ಮುಗಿಸಿ ನಗುವಿಗೆ ಕಾದೆ.

ಯಾರೂ ನಗಲಿಲ್ಲ. ಒಬ್ಬ ತನ್ನ ಬ್ರೆಡ್ಡಿನ ಕಾಗದವನ್ನು ಮಡಚತೊಡಗಿದ.

ಇಂಗ್ರಿಡ್, "ಆಮೇಲೆ? ಹೆಂಡತಿ ಮಗು ಹೇಗಿದ್ದರು?" ಎಂದಳು.

ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. "ಚೆನ್ನಾಗಿದ್ದರು. ನಮ್ಮಲ್ಲಿ ಅತ್ತೆ, ಅಮ್ಮ, ಚಿಕ್ಕಮ್ಮ ಎಲ್ಲ ಇರುತ್ತಾರೆ," ಎಂದೆ.

ಸಾವಿತ್ರಿ ಎದ್ದು ತಮ್ಮ ಲೋಟ ತೊಳೆಯಲು ಹೋದರು. ಒಂದು ಲೋಟ ತೊಳೆಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಈ ದೇಶದವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಸಾಲು ಈಗಲೂ ಅಲ್ಲಿದೆ.

ಎರಿಕ್‌ನ ಮನೆ

ಶಾಲು ಹೊದಿಸದೆ ವಾಪಸು ಒಯ್ಯುವಂತಿರಲಿಲ್ಲ. ಭಾನುವಾರ ಎರಿಕ್‌ನ ಮನೆಗೇ ಹೋದೆವು.

ಹೆಡ್ ಮಾಸ್ತರನ ಮನೆ ಎಂದರೆ ಹೇಗಿರಬೇಕು ಎಂಬ ಒಂದು ಕಲ್ಪನೆ ನನಗಿತ್ತು. ಬಾಗಿಲು ತೆರೆದವನು ಗಡ್ಡ ಬಿಟ್ಟ ನಲವತ್ತರ ಆಳು, ಬರಿಗಾಲು, ಹೆಗಲ ಮೇಲೆ ಒಂದು ಬಟ್ಟೆ, ಬಟ್ಟೆಯ ಮೇಲೆ ಮಗು ಕಕ್ಕಿದ ಕಲೆ. ಹಜಾರದ ತುಂಬ ಆಟದ ಸಾಮಾನು. ನಮ್ಮನ್ನು ಕಂಡು ಅವನು ಏನನ್ನೂ ಅಡಗಿಸಲು ಹೋಗಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಆ ದಿನ ಅವಳಿಗೆ ಡ್ಯೂಟಿ.

ಶಾಲು ಹೊದಿಸಿದೆವು. ಒಂದು ಕೈಯಲ್ಲಿ ಹತ್ತು ತಿಂಗಳ ಮಗಳನ್ನು ಹಿಡಿದುಕೊಂಡೇ ಹೊದಿಸಿಕೊಂಡ. ಬಸವರಾಜ ಏಲಕ್ಕಿ ಹಾರ ಹಾಕಿದ. ನಾನು ಎರಡು ಮಾತು ಆಡುವಷ್ಟರಲ್ಲಿ ಮಗು ಹಾರದ ತುದಿಯನ್ನು ಬಾಯಿಗೆ ತುಂಬಿಕೊಂಡಿತ್ತು. ಸಾವಿತ್ರಿ ಭಾಷಣದ ನಡುವೆಯೇ ಬೆರಳು ಹಾಕಿ ಎರಡು ಏಲಕ್ಕಿ ಹೊರತೆಗೆದರು. ಎರಿಕ್ ಹಾರ ತೆಗೆದು ಬದಿಗಿಡಲು ಮಗುವನ್ನು ಹತ್ತಿರ ನಿಂತವನ ಕೈಗೆ ಕೊಟ್ಟ. ಹತ್ತಿರ ನಿಂತವನು ಬಸವರಾಜ.

ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಆದರೂ ಆ ಕೂಸನ್ನು ಹಿಡಿದ ರೀತಿ ನೋಡಿದರೆ, ಹೊಸ ಮಡಕೆಯನ್ನು ತುಂಬಿದ ಬಸ್ಸಿನಲ್ಲಿ ಹಿಡಿದು ನಿಂತವರ ಹಾಗಿತ್ತು. ಕೂಸು ಅವನ ಮೀಸೆ ನೋಡಿತು. ಆಮೇಲೆ ಅವನ ಹೊಸ ಬ್ಲೇಜರಿನ ಮೇಲೆ ಶಾಂತವಾಗಿ ಕಕ್ಕಿತು.

"ಸರ, ಹಿಡೀರಿ ಸರ," ಎಂದು ನನ್ನತ್ತ ಚಾಚಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದಾಗಲೂ, ಹೆಂಡತಿಯ ತವರಿಗೆ ಹನ್ನೆರಡನೆಯ ದಿನ ಹೋಗಿ, ನಾಮಕರಣದ ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸು ಬಂದವನು ನಾನು.

ಕಾಫಿ ಹೊತ್ತಿಗೆ ಎರಿಕ್‌ನ ಅಪ್ಪ ಬಂದ. ಹೊಕೊನ್ ಎಂದು ಹೆಸರು, ಎಪ್ಪತ್ತು ದಾಟಿದ ದೋಣಿ ಬಡಗಿ, ಪಕ್ಕದ ಮನೆಯವನು. ಅವನಿಗೆ ಇಂಗ್ಲಿಷ್ ಬಾರದು, ಮಗ ಅನುವಾದ ಮಾಡುತ್ತಿದ್ದ.

ನಾನು ಎರಿಕ್‌ಗೆ ನೇರವಾಗಿಯೇ ಕೇಳಿದೆ. ಹೆಂಗಸರ ಮೇಲಿನ ಗೌರವ, ಸಮಾನತೆ ಎಂದೆಲ್ಲ ಅವನು ಶುರು ಮಾಡಿದರೆ ಮನಸ್ಸಿನಲ್ಲೇ ತಮಾಷೆ ಮಾಡಲು ಸಿದ್ಧನಾಗಿದ್ದೆ. "ನೀವು ಯಾಕೆ ತೆಗೆದುಕೊಂಡಿರಿ ಈ ರಜೆ?"

"ತೆಗೆದುಕೊಳ್ಳದಿದ್ದರೆ ಜನ ಏನೆಂದಾರು?" ಎಂದ ಎರಿಕ್.

ನಾನು ಕಾಫಿ ಲೋಟ ಕೆಳಗಿಟ್ಟೆ. ಇದು ನಮ್ಮೂರಿನ ಮಾತು. ಭೈರುಂಬೆಯಿಂದ ವಜ್ರಳ್ಳಿಯವರೆಗೆ ಪ್ರತಿ ಮನೆಯ ಜಗುಲಿಯಲ್ಲೂ ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಇಷ್ಟು ದೂರ ವಿಮಾನ ಹತ್ತಿ ಬಂದರೆ ಇಲ್ಲೂ ಅದೇ.

"ನನ್ನ ತಮ್ಮ ತೆಗೆದುಕೊಂಡ, ನನ್ನ ಹಿಂದಿನ ಹೆಡ್ ಮಾಸ್ತರ್ ತೆಗೆದುಕೊಂಡ," ಎಂದು ಎರಿಕ್ ಮುಂದುವರಿಸಿದ. "ನಾನು ತೆಗೆದುಕೊಳ್ಳದಿದ್ದರೆ ಇವನಿಗೆ ಮಗುವೆಂದರೆ ಹೆದರಿಕೆಯೇ ಎಂದು ಕೇಳುತ್ತಾರೆ. ಮೊದಲ ತಿಂಗಳು ನನಗೆ ಇಷ್ಟವೂ ಆಗಲಿಲ್ಲ. ಬೇಜಾರು, ನಿದ್ದೆ ಇಲ್ಲ. ಈಗ ಅವಳು ಯಾಕೆ ಅಳುತ್ತಾಳೆ ಎಂದು ಅಳುವಿನಲ್ಲೇ ಗೊತ್ತಾಗುತ್ತದೆ."

ಅಂದರೆ ಇವರೂ ದೇವಮಾನವರಲ್ಲ, ಮುಂದಿನವನ ಬೆನ್ನು ನೋಡಿ ನಡೆಯುವವರೇ. ನನಗೆ ಒಂದು ತರಹದ ಸಂತೋಷವಾಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ. ಮುದುಕ ಹೊಕೊನ್ ಮಾತು ತೆಗೆದ.

"ನನ್ನ ಕಾಲದಲ್ಲಿ ಇದು ಇರಲಿಲ್ಲ. ನನ್ನ ಮಕ್ಕಳು ಬೆಳೆದ ಮೇಲೆ ಬಂತು. ಅಪ್ಪಂದಿರಿಗೇ ಎಂದು ಕೆಲವು ವಾರ ಎತ್ತಿಟ್ಟರು. ನಮ್ಮ ದೋಣಿ ಕಾರ್ಖಾನೆಯಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬ ವೆಲ್ಡರ್ ತೆಗೆದುಕೊಂಡ. ಅವನ ಉಪಕರಣದ ಪೆಟ್ಟಿಗೆಯಲ್ಲಿ ಹಾಲಿನ ಬಾಟಲಿ ಇಟ್ಟು ನಕ್ಕೆವು. ಹತ್ತೇ ದಿನಕ್ಕೆ ಕೆಲಸಕ್ಕೆ ಬಂದುಬಿಟ್ಟ. ಮುಂದಿನ ವರ್ಷ ನಮ್ಮ ಮೇಸ್ತ್ರಿ ತೆಗೆದುಕೊಂಡ. ಒಬ್ಬನೇ ದೋಣಿಯ ಎಂಜಿನ್ ಎತ್ತುವ ಆಸಾಮಿ. ಅವನ ಪೆಟ್ಟಿಗೆಯಲ್ಲಿ ಯಾರು ಬಾಟಲಿ ಇಡುತ್ತಾರೆ? ಆಮೇಲೆ ಒಬ್ಬೊಬ್ಬರೇ ಎಲ್ಲರೂ ತೆಗೆದುಕೊಂಡರು."

"ಆ ಬಾಟಲಿ ಇಟ್ಟವರು ಯಾರು?" ಎಂದು ಸಾವಿತ್ರಿ ಕೇಳಿದರು.

ಎರಿಕ್ ಅನುವಾದಿಸಲು ಸ್ವಲ್ಪ ಹಿಂಜರಿದ. ಆಮೇಲೆ ಕೇಳಿದ.

"ನಾನೇ," ಎಂದ ಮುದುಕ. ಮೊಮ್ಮಗಳ ಕಾಲಿನ ಜಾರಿದ ಕಾಲುಚೀಲ ಸರಿ ಮಾಡುತ್ತ, "ಇವನು ಇಷ್ಟು ಚಿಕ್ಕವನಿದ್ದಾಗ ಏನು ತಿನ್ನುತ್ತಿದ್ದ ಎಂದು ಕೇಳಿದರೆ ನನಗೆ ಗೊತ್ತಿಲ್ಲ," ಎಂದ. ಎರಿಕ್ ಈ ಮಾತನ್ನು ಅನುವಾದ ಮಾಡಿದ್ದು ಕಿಟಕಿಯ ಕಡೆ ನೋಡುತ್ತ.

ವಾಪಸು ನಡೆದು ಬರುವಾಗ ಬಸವರಾಜ ಬ್ಲೇಜರನ್ನು ಕೈಯಲ್ಲಿ ಹಿಡಿದುಕೊಂಡಿದ್ದ. "ಸರ, ಇಲ್ಲೆ ನಡೀತೈತ್ರಿ. ನಮ್ಮ ಕಡಿ ನಾ ಹದಿನೈದು ದಿನ ಮನ್ಯಾಗ ಕುಂತ್ರ ಓಣ್ಯಾಗಿನ ಮಂದಿ ಏನಂತಾರ? ಕಬಡ್ಡಿ ಬಸ್ಯಾ ಕೂಸಿನ ಬಟ್ಟಿ ಒಗ್ಯಾಕ ಹತ್ತ್ಯಾನ ಅಂತಾರ."

"ಅಂತಾರೆ," ಎಂದೆ. ಹಾಗೆ ಅನ್ನುವವರ ಯಜಮಾನನೇ ನಾನಾಗಿರುವಾಗ ಇನ್ನೇನು ಹೇಳಲಿ.

ಫೆರಿ

ಮರುದಿನ ಆಚೆ ದಡದ ಹೊಳೆ ನೋಡಲು ಫೆರಿಯಲ್ಲಿ ಹೊರಟೆವು. ಬಸ್ಸು ಲಾರಿಗಳೂ ಹತ್ತುವ ದೊಡ್ಡ ದೋಣಿ ಅದು. ಬಸವರಾಜ ಒಂದು ಮೂಲೆಯಲ್ಲಿ ನಿಂತು ರೇಣುಕಾಳ ಜೊತೆ ವಿಡಿಯೋ ಕಾಲಿನಲ್ಲಿದ್ದ. ಸಾವಿತ್ರಿ ಕಟಕಟೆ ಹಿಡಿದು ನೀರು ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮುದುಕ ಒಳ್ಳೆ ಮಜಾ ಇದ್ದಾನೆ ಎಂದೋ ಏನೋ ಅಂದೆ.

ಅವರು ನನ್ನ ಕಡೆ ತಿರುಗದೆ ನಮ್ಮಿಬ್ಬರ ಮನೆಮಾತಿನಲ್ಲಿ ಕೇಳಿದರು. "ನಾಗೇಂದ್ರನ ಹೆಂಡ್ತಿ ಹೆಸರು ಎಂತ ಹೇಳಿ ಗೊತ್ತಿದ್ದಾ ನಿಮಗೆ?"

"ಗೊತ್ತಿಲ್ಲೆ."

"ವಿದ್ಯಾ. ಯನ್ನ ತಂಗಿ."

ಅವರು ಹೇಳುತ್ತ ಹೋದರು. ದನಿ ಎತ್ತಲಿಲ್ಲ. ಪ್ರಯೋಗಶಾಲೆಯಲ್ಲಿ ಹಂತ ಹಂತವಾಗಿ ಹೇಳುವ ಹಾಗೆ ಹೇಳಿದರು.

ವಿದ್ಯಾಳದ್ದು ಸಿಸೇರಿಯನ್. ಸಿದ್ದಾಪುರದ ತವರಿಗೆ ಬಂದಿದ್ದಳು. ಅತ್ತೆ ಮೊದಲೇ ಇಲ್ಲ. ಹೆರಿಗೆಗೆ ಒಂದು ವಾರ ಇರುವಾಗ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಬಾಣಂತನ ಮಾಡುವವರನ್ನೇ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಅದಕ್ಕೇ ನಾಗೇಂದ್ರ ಅರ್ಜಿ ಬರೆದದ್ದು. ಎರಡು ದಿನ ಇದ್ದು ಅವನು ಯಲ್ಲಾಪುರಕ್ಕೆ ವಾಪಸಾದ. ಹನ್ನೆರಡನೆಯ ದಿನ ಅಪ್ಪ ತಾಯಿಯ ಔಷಧಿ ತರಲು ಪೇಟೆಗೆ ಹೋದಾಗ, ಕೂಸಿಗೆ ಸ್ನಾನ ಮಾಡಿಸಬೇಕೆಂದು ವಿದ್ಯಾ ತಾನೇ ಬಚ್ಚಲಿಂದ ಬಿಸಿನೀರಿನ ಕೊಡ ಎತ್ತಿದಳು. ಹೊಲಿಗೆ ಬಿಚ್ಚಿತು. ಬಚ್ಚಲಿನ ಬಾಗಿಲಲ್ಲೇ ಬಿದ್ದಳು. ಒಳಗೆ ಚಾಪೆಯ ಮೇಲೆ ಕೂಸು, ಮಂಚದ ಮೇಲೆ ಏಳಲಾರದ ತಾಯಿ. ಕೂಗು ಕೇಳಿ ಪಕ್ಕದ ಮನೆಯವರು ಬರುವಷ್ಟರಲ್ಲಿ ಒಂದು ತಾಸು ಆಗಿತ್ತು.

"ವಿದ್ಯಾ ಮೂರು ವಾರ ಆಸ್ಪತ್ರೆಲಿ ಇತ್ತು. ಎದೆಹಾಲು ನಿಂತೇ ಹೋತು. ಈಗ ಇನ್ನೊಂದು ಮಗು ಹೇಳಿರೆ ಎದ್ದು ಹೋಗ್ತು." ಸಾವಿತ್ರಿ ಕನ್ನಡಕ ತೆಗೆದು ಮಳೆ ಹನಿ ಒರೆಸಿದರು. "ಆನೂ ಹೋಯಿದ್ನಿಲ್ಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ ಹೇಳಿ ಕೂತೆ. ಅದು ಯನ್ನ ತಪ್ಪು. ಅದನ್ನ ನಿಮ್ಮ ಮೇಲೆ ಹಾಕ್ತ್ನಿಲ್ಲೆ."

ನಾನು ಹೇಳಬೇಕಾದದ್ದು ಬೇರೆ. ಹೇಳಿದ್ದು ಇದು. "ಆನು ರಜೆ ಬೇಡ ಹೇಳಿ ಹೇಳಿದ್ನಿಲ್ಲೆ. ಅವ ಕೊಟ್ಟಿದ್ರೆ ಸಹಿ ಹಾಕ್ತಿದ್ದೆ."

"ಹೌದು," ಎಂದರು ಸಾವಿತ್ರಿ. "ನೀವು ಬೇಡ ಹೇಳಿದ್ರಿಲ್ಲೆ. ನಗಾಡಿದ್ರಿ, ಅಷ್ಟೇ. ಬೇಡ ಹೇಳಿದ್ರೆ ಅವ ಮೇಲಿನವರಿಗೆ ಬರೀತಿದ್ದ."

ಅದಾದ ಕೂಡಲೇ ಬೇಸಿಗೆ ರಜೆ ಬಂದಿತ್ತು; ಜೂನಿನಲ್ಲಿ ಶಾಲೆಗೆ ಬಂದ ನಾಗೇಂದ್ರ ತಾನಾಗಿ ಏನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ವರ್ಷದ ಕೊನೆಗೆ ನಾಗೇಂದ್ರ ಸಿದ್ದಾಪುರದ ಕಡೆ ವರ್ಗ ಮಾಡಿಸಿಕೊಂಡು ಹೋಗಿದ್ದ. ಬೀಳ್ಕೊಡುಗೆಯಲ್ಲಿ ನಾನು, "ನಮ್ಮ ನಾಗೇಂದ್ರರಿಗೆ ಹೆಂಡತಿಯನ್ನು ಬಿಟ್ಟಿರಲು ಆಗುವುದಿಲ್ಲ," ಎಂದು ಇನ್ನೊಂದು ನಗೆ ಗಿಟ್ಟಿಸಿಕೊಂಡಿದ್ದೆ. ಅವನಿಗೂ ಒಂದು ಶಾಲು ಹೊದಿಸಿದ್ದೆ.

ತಿರುಗಿದರೆ ಬಸವರಾಜ ಹಿಂದೆ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಅಕ್ಕೋರ ಮನೆಮಾತು ಅವನಿಗೆ ಪೂರ್ತಿ ತಿಳಿಯುವುದಿಲ್ಲ, ಆದರೆ ನನ್ನ ಮುಖ ತಿಳಿದಿರಬೇಕು.

"ಅಕ್ಕೋರ," ಎಂದ. "ವಿಮಾನ ಇಳದಾಗ ನಾನೂ ನಕ್ಕೆ. ತಪ್ಪಾತ್ರಿ."

ಇಷ್ಟು ಸರಳವಾದ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ತಪ್ಪೊಪ್ಪಿಗೆ ಪತ್ರ ಬರೆಸಿದವನು ನಾನು. ಉಳಿದ ಮೂರು ದಿನ ಹೊಳೆ ನೋಡಿದೆ, ಸೇತುವೆ ನೋಡಿದೆ. ಎಲ್ಲ ಚೆನ್ನಾಗಿದೆ ಎಂದೆ.

ಶಿರಸಿ

ಜುಲೈ ಮೊದಲ ವಾರ ಬಸವರಾಜ ಫೋನು ಮಾಡಿದ. ಮತ್ತೆ ಹೆಣ್ಣು ಮಗು. ಅವನ ದನಿಯಲ್ಲಿ ಬೇಸರ ಹುಡುಕಿದೆ, ಇರಲಿಲ್ಲ.

"ರಜಾ ಅರ್ಜಿ ಬರದು ಕಿಸೆದಾಗ ಇಟ್ಕೊಂಡು ಮೂರು ದಿನ ಅಡ್ಡಾಡೀನ್ರಿ ಸರ. ಕೊಡಾಕ ಧೈರ್ಯ ಬರವಲ್ದು. ಕಬಡ್ಡಿ ಆಡೂಮುಂದ ಏಳು ಮಂದಿ ಮೈಮ್ಯಾಲ ಬಿದ್ರೂ ಇಷ್ಟು ಹೆದರಿಲ್ರಿ."

"ಕೊಡು," ಎಂದೆ. "ಯಾರಾದರೂ ನಕ್ಕರೆ ನನಗೆ ಫೋನು ಮಾಡು."

"ನೀವು ಏನು ಮಾಡ್ತೀರಿ?"

ಗೊತ್ತಿರಲಿಲ್ಲ. "ಬರುತ್ತೇನೆ," ಎಂದೆ.

ಅವನು ಕೊಟ್ಟ. ಅವನ ಹೆಡ್ ಮಾಸ್ತರು ನಕ್ಕರಂತೆ, ಆದರೆ ಸಹಿ ಹಾಕಿದರಂತೆ. ಹದಿನೈದು ದಿನವೂ ಮನೆಯಲ್ಲಿದ್ದ. ಎಂಟನೆಯ ದಿನ ಶಿರಸಿಯಲ್ಲಿ ಕೆಲಸವಿತ್ತು, ಹಾಗೇ ಅವನ ಹಳ್ಳಿಗೂ ಹೋದೆ. ಅಂಗಳದ ಹಗ್ಗದ ಮೇಲೆ ಬಟ್ಟೆ ಹಿಂಡಿ ಹಾಕುತ್ತಿದ್ದ. ಎದುರಿನ ಕಟ್ಟೆಯ ಮೇಲೆ ನಾಲ್ಕು ಗಂಡಸರು, ನಾಲ್ವರಿಗೂ ಅವನದೇ ಮೀಸೆ. "ಬರ್ರಿ ಸರ, ಕುಂದರ್ರಿ," ಎಂದು ಬಸವರಾಜ ಒಳಗೆ ಕರೆದ. ಮೊದಲ ದಿನ ಆ ನಾಲ್ವರು ಸೀಟಿ ಹೊಡೆದರಂತೆ. ಎರಡನೆಯ ದಿನ ಹಾಡು ಕಟ್ಟಿದರಂತೆ. ಅವನು ಒಂದು ಮಾತೂ ಆಡದೆ ಬಟ್ಟೆ ಒಗೆದನಂತೆ. ಐದನೆಯ ದಿನ ಅವರಲ್ಲೊಬ್ಬ, ಅರಣ್ಯ ಇಲಾಖೆಯ ಗಾರ್ಡು, ಒಳಗೆ ಬಂದು ಮೆಲ್ಲಗೆ ಕೇಳಿದನಂತೆ, ಈ ರಜೆ ತಮ್ಮ ಇಲಾಖೆಯವರಿಗೂ ಉಂಟೋ ಎಂದು. ಅವನ ಹೆಂಡತಿಗೆ ದಸರೆ ಹೊತ್ತಿಗೆ ದಿನ.

ರೇಣುಕಾ ಒಳಗಿನಿಂದ ಹೇಳಿದಳು. "ಅವರು ಬಟ್ಟಿ ಒಗ್ಯಾದು ನೆಟ್ಟಗಿಲ್ರಿ ಸರ. ನಾ ಮತ್ತ ಒಗೀಬೇಕಾಗೇತಿ. ಆದ್ರ ಕೂಸಿನ್ನ ಮಲಗಸ್ತಾರ. ನಾ ನಿದ್ದಿ ಮಾಡೇನ್ರಿ."

ಸಿದ್ದಾಪುರ

ಅದೇ ವಾರ ಸಿದ್ದಾಪುರಕ್ಕೆ ಹೋದೆ. ಸಾವಿತ್ರಿಗೆ ಹೇಳದೆ ಹೋದೆ. ಹೇಳಿದ್ದರೆ ಬೇಡ ಎನ್ನುತ್ತಿದ್ದರೋ ಏನೋ.

ನಾಗೇಂದ್ರ ಬಾಗಿಲು ತೆರೆದ. ನನ್ನನ್ನು ಕಂಡು ಹಳೆಯ ಅಭ್ಯಾಸದಂತೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. "ಬನ್ನಿ ಸರ್, ಕೂತ್ಕಳಿ," ಎಂದ. ಅವನ ಕಾಲಿಗೆ ಎರಡು ವರ್ಷದ ಮಗ ಜೋತುಬಿದ್ದಿದ್ದ. ವಿದ್ಯಾ ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ಅಕ್ಕನ ಹಾಗೇ ನೋಡುವ ರೀತಿ.

ನಾನು ಫೆರಿಯಲ್ಲಿ ಹೇಳಲಾರದೆ ಹೋದದ್ದನ್ನು ಹೇಳಿದೆ. ನನ್ನಿಂದ ತಪ್ಪಾಯಿತು, ಏನಾಗಿತ್ತೆಂದು ಗೊತ್ತಿರಲಿಲ್ಲ, ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ನಾಗೇಂದ್ರ, "ಇರಲಿ ಬಿಡಿ ಸರ್, ಆಗಿಹೋಯ್ತು," ಎಂದು ನೆಲ ನೋಡಿದ.

"ಇರಲಿ ಬಿಡಿ ಹೇಳಲೆ ನಿಂಗೆಂತ ಆಗಿತ್ತು?" ಎಂದು ವಿದ್ಯಾ ಗಂಡನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವತ್ತು ನಗಾಡಿದವ್ವು ಎಷ್ಟು ಜನ?"

"ಹನ್ನೊಂದು."

"ಈಗಲೂ ಅಲ್ಲೇ ಇದ್ವಾ?"

"ಹೌದು. ಹೆಚ್ಚಿನವ್ವು ಅಲ್ಲೇ ಇದ್ದ."

"ಹಂಗಾರೆ ಇಲ್ಲಿಗೆ ಬಂದು ಯನ್ನ ಹತ್ರ ಹೇಳಿ ಎಂತ ಪ್ರಯೋಜನ? ನಗಾಡಿದ್ದು ಇಲ್ಲಿ ಅಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಚಹಾ ಬಂತು, ತಂದವನು ನಾಗೇಂದ್ರ. ಅವಳು ಮತ್ತೆ ಹೊರಗೆ ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕೂ ನನಗಿರಲಿಲ್ಲ.

ಯಲ್ಲಾಪುರ

ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋದೆ. ಅಂತೂ ನಾರ್ವೆಯ ಅನುಭವ ಹೇಳುತ್ತಾರೆಂದು ಎಲ್ಲರೂ ಡಬ್ಬಿ ಮುಚ್ಚಿ ಕೂತರು.

ನಾಗೇಂದ್ರನ ಅರ್ಜಿಯಿಂದ ಶುರು ಮಾಡಿದೆ. ನಾನು ಏನು ಓದಿದೆ, ಏನು ಹೇಳಿದೆ, ಯಾರು ಯಾರು ನಕ್ಕರು. ಆಮೇಲೆ ಹನ್ನೆರಡನೆಯ ದಿನ ಬಚ್ಚಲಿನ ಬಾಗಿಲಲ್ಲಿ ಏನಾಯಿತು, ಆಸ್ಪತ್ರೆಯಲ್ಲಿ ಎಷ್ಟು ದಿನ. ಮುಂದೆ ಈ ಶಾಲೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಅರ್ಜಿ ಬರೆಯಲು ನಾಚಿಕೆಯಾದರೆ ನಾನೇ ಬರೆದುಕೊಡುತ್ತೇನೆ, ಅವರ ಪಾಠವನ್ನೂ ನಾನೇ ತೆಗೆದುಕೊಳ್ಳುತ್ತೇನೆ ಎಂದೆ. ಮಾತು ಚೆನ್ನಾಗಿ ಬರಲಿಲ್ಲ. ಭಾಷಣಕ್ಕೆ ಹೆಸರಾದವನು, ಎರಡು ಕಡೆ ತಡವರಿಸಿದೆ.

ಡ್ರಾಯಿಂಗ್ ಮಾಸ್ತರಿಗೆ ಆ ಮೌನ ತಡೆಯಲಾಗಲಿಲ್ಲ. ಅವರು ಒಳ್ಳೆಯ ಮನುಷ್ಯ, ನಗಿಸದೆ ಇರಲಾರದವರು. "ಸರ್ ನಾರ್ವೆಯಿಂದ ಲೇಹದ ಪಾಕವನ್ನೇ ಕಲಿತು ಬಂದ ಹಾಗಿದೆ," ಎಂದರು.

ಮೂಲೆಯಲ್ಲಿ ಒಬ್ಬ ಕಿಸಕ್ಕೆಂದ. ಅವನ ಪಕ್ಕದವನ ಭುಜ ಅಲುಗಿತು. ಆಮೇಲೆ ಎಲ್ಲರೂ, ಒಬ್ಬೊಬ್ಬರಾಗಿ, ನನ್ನ ಮುಖ ನೋಡಿದರು. ಅದನ್ನು ನಾನು ಮೊದಲ ಸಲ ಗಮನಿಸಿದೆ. ನಗುವ ಮೊದಲು ಅವರು ನನ್ನ ಕಡೆ ನೋಡುತ್ತಿದ್ದರು. ಇಷ್ಟು ವರ್ಷವೂ ಹಾಗೇ ನೋಡಿರಬೇಕು.

ನಾನು ನಗಲಿಲ್ಲ.

ನಗು ಅಲ್ಲಿಗೇ ನಿಂತಿತು. ಡ್ರಾಯಿಂಗ್ ಮಾಸ್ತರು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. ಗಂಟೆ ಹೊಡೆಯಿತು, ಎಲ್ಲರೂ ತರಗತಿಗೆ ಹೊರಟರು. ಎರಡು ವರ್ಷದ ಹಿಂದೆಯೂ ಇಷ್ಟೇ ಸಾಕಾಗಿತ್ತು.